ಎಡಬದಿಯ ಬಳ್ಳಿ

"ಇದು ಏನೆಂದು ಮೊದಲೇ ಹೇಳಬೇಡಿ. ಏನು ಕಾಣುತ್ತದೋ ಅದನ್ನು ಹೇಳಿ" ಎನ್ನುತ್ತ ಮಿಸೆಸ್ ಮುಥೋನಿ ಮೇಜಿನ ಮೇಲಿನ ಬಟ್ಟೆ ಸರಿಸಿದರು.

ಲೊರೆಟ್ಟಾ ಬಾಯಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಒಂದರೊಳಗೊಂದು ಅಡ್ಡ ಸೇರಿಸಿದ ಎರಡು ಮರದ ಹಲಗೆ, ಅಂಚಿಗೆ ಬಳ್ಳಿಯ ಕೆತ್ತನೆ. ಮ್ಯೂಸಿಯಂನಲ್ಲಿ ಕಲೆಯ ಇತಿಹಾಸದ ಶನಿವಾರದ ತರಗತಿಗೆಂದು ತಮ್ಮ ಬಡಾವಣೆ ಕಿಲೆಲೆಶ್ವಾದಿಂದ ಮೂರು ತಿಂಗಳು ಮಟಾಟು ವ್ಯಾನ್ ಹತ್ತಿ ಬಂದದ್ದು ಈ ಒಂದು ಪರೀಕ್ಷೆಗೆ. ಪಾಸಾದರೆ ಶಾಲಾ ಮಕ್ಕಳಿಗೆ ಗೈಡ್ ಆಗಬಹುದು. ಅರವತ್ತೊಂದನೆಯ ವಯಸ್ಸಿನಲ್ಲಿ ಅವರಿಗೆ ಬೇಕಾಗಿದ್ದದ್ದು ಅದೊಂದೇ. ಹಿಂದಿನ ಸಲ ಮೇರಿಮಾತೆಯ ಚಿತ್ರದ ಸ್ಲೈಡ್ ಕಂಡದ್ದೇ ಶಿಲುಬೆಯ ಗುರುತು ಹಾಕಿ, ದೇವದೂತ ಬಂದ ಕಥೆಯನ್ನೆಲ್ಲ ಹೇಳಿ ಮುಗಿಸಿದ್ದರು. "ಕಥೆ ಚೆನ್ನಾಗಿದೆ. ಚಿತ್ರದಲ್ಲಿ ಕಿಟಕಿ ಎಲ್ಲಿತ್ತು?" ಎಂದು ಕೇಳಿದ ಮುಥೋನಿ ಅವರನ್ನು ಪಾಸು ಮಾಡಿರಲಿಲ್ಲ. ಇದು ಎರಡನೆಯ ಅವಕಾಶ, ಕೊನೆಯದೂ ಹೌದು.

ಮೊದಲು ಎದ್ದವರು ಸಹಪಾಠಿ, ನಿವೃತ್ತ ಲೆಕ್ಚರರ್ ಚಿದಾನಂದ. "ಧರ್ಮಗ್ರಂಥ ಇಟ್ಟು ಓದುವ ಸ್ಟ್ಯಾಂಡ್. ಎಡ ಅಂಚು ಮುರಿದಿದೆ" ಎಂದು ಇಂಗ್ಲಿಷಿನಲ್ಲಿ ಹೇಳಿ ಕುಳಿತು, ಕನ್ನಡದಲ್ಲಿ ಪಿಸುಗುಟ್ಟಿದರು: "ಸಾರಿ ಕಣ್ರೀ, ನಿಮಗೆ ಹೇಳಕ್ಕೆ ಏನೂ ಉಳಿಸ್ಲಿಲ್ಲ ನಾನು."

"ನೀವೊಮ್ಮೆ ಸುಮ್ಮನಿರಿ ಮಾರಾಯ್ರೆ" ಎಂದು ಬಾಯಿ ಎದ್ದರು.

ವಸ್ತುವಿನ ಹೆಸರು ನಾಲಗೆಯ ತುದಿಗೆ ಬಂದು ಕುಳಿತಿತ್ತು. ಅದನ್ನು ನುಂಗಿಕೊಂಡು ಹಲಗೆಗಳನ್ನೇ ನೋಡಿದರು. ಮುಥೋನಿ ಮೇಜಿನ ದೀಪವನ್ನು ಅವರ ಕಡೆಗೆ ಸ್ವಲ್ಪ ತಿರುಗಿಸಿದರು.

"ಅಗಲದ ಹಲಗೆ ನಡುವೆ ತಗ್ಗಾಗಿದೆ, ಹೊಳೆಯುತ್ತಿದೆ. ಪುಸ್ತಕ ಇಟ್ಟರೆ ಮರ ಹೀಗೆ ಸವೆಯುವುದಿಲ್ಲ, ಮನುಷ್ಯರು ಕೂತರೆ ಸವೆಯುತ್ತದೆ. ಇನ್ನೊಂದು ಹಲಗೆ ಮುಂದಕ್ಕೆ ಚಾಚಿದೆ. ಅದರ ತುದಿಯ ಸೀಳಿನೊಳಗೆ ತುಕ್ಕಿನ ಕಲೆ. ಅಲ್ಲೊಂದು ಕಬ್ಬಿಣವಿತ್ತು. ಸುತ್ತಲಿನ ಮರ ಎಣ್ಣೆ ಕುಡಿದು ಕಪ್ಪಾಗಿದೆ."

"ಈಗ ಹೆಸರು ಹೇಳಿ."

"ತೆಂಗಿನಕಾಯಿ ತುರಿಯುವ ಮಣೆ. ಮೊಂಬಾಸಾ ಕಡೆಯದಿರಬೇಕು. ನಮ್ಮ ಮಂಗಳೂರಿನಲ್ಲೂ ಮನೆಗೊಂದು ಉಂಟು."

ಚಿದಾನಂದ ಹಣೆ ಬಡಿದುಕೊಂಡರು. "ಅಯ್ಯೋ, ನಮ್ಮಮ್ಮ ದಿನಾ ಇಂಥದ್ರ ಮೇಲೇ ಕೂರ್ತಿದ್ರಲ್ರೀ!" ಕನ್ನಡ ಬಾರದವರೂ ನಕ್ಕರು.

"ಸರಿ. ತುರಿಯುವ ಅಲಗನ್ನು ನಾನೇ ಬಿಚ್ಚಿಟ್ಟಿದ್ದೆ" ಎಂದು ಮುಥೋನಿ ಅಂಕಪಟ್ಟಿಯತ್ತ ಕೈ ಚಾಚಿದರು. ಬಾಯಿ ಕುಳಿತುಕೊಳ್ಳಲಿಲ್ಲ.

"ಇನ್ನೊಂದು ಉಂಟು, ಮೇಡಂ. ಎಡ ಅಂಚು ಮುರಿದದ್ದಲ್ಲ. ಮುರಿದರೆ ಮರ ಸಿಬಿರೇಳುತ್ತದೆ. ಇಲ್ಲಿ ಚಾಕುವಿನ ಸಣ್ಣ ಸಣ್ಣ ಗುರುತುಗಳಿವೆ, ಒಂದರ ಪಕ್ಕ ಒಂದು. ತೊಡೆ ತಾಗುವಷ್ಟು ಉದ್ದಕ್ಕೆ ಮಾತ್ರ ಬಳ್ಳಿಯನ್ನು ಕೆತ್ತಿ ತೆಗೆದು ನುಣುಪು ಮಾಡಿದ್ದಾರೆ. ಕೂರುವವಳಿಗೆ ಅಂಚು ಒತ್ತುತ್ತಿದ್ದಿರಬೇಕು. ಅದನ್ನು ಕಂಡ ಯಾರೋ, ಚಂದ ಹೋದರೆ ಹೋಗಲಿ, ಅವಳಿಗೆ ನೋಯದಿರಲಿ ಎಂದಿದ್ದಾರೆ."

ಮುಥೋನಿ ಆ ಅಂಚಿನ ಮೇಲೆ ಹೆಬ್ಬೆರಳಾಡಿಸಿದರು, ಒಮ್ಮೆ, ಮತ್ತೊಮ್ಮೆ. ಆಮೇಲೆ ಡ್ರಾಯರಿನಿಂದ ಆ ವಸ್ತುವಿನ ದಾಖಲೆ ಕಾರ್ಡನ್ನು ಹೊರತೆಗೆದರು. ಎಂಟು ವರ್ಷದ ಹಿಂದೆ, 1979ರಲ್ಲಿ, ಅವರದೇ ಕೈಬರಹದಲ್ಲಿ ಬರೆದದ್ದು: 'ಎಡ ಅಂಚು: ಹಾನಿಯಾಗಿದೆ.'

ಮುಥೋನಿ 'ಹಾನಿ' ಎಂಬ ಮಾತಿನ ಮೇಲೆ ನೇರವಾಗಿ ಒಂದು ಗೆರೆ ಎಳೆದರು.

"ನಿಮ್ಮ ಪೂರ್ತಿ ಹೆಸರು ಹೇಳಿ, ಅಮ್ಮಾ. ಈ ಗುರುತುಗಳನ್ನು ಓದಿದವರು ಯಾರೆಂದು ಇಲ್ಲಿ ಬರೆಯಬೇಕು. ಮುಂದಿನ ಶನಿವಾರ ನಲವತ್ತು ಮಕ್ಕಳು ಬರುತ್ತಾರೆ. ಮುಂದೆ ನೀವು ನಿಲ್ಲಿ. ನಾನು ಮಕ್ಕಳ ಸಾಲಿನಲ್ಲಿ ನಿಲ್ಲುತ್ತೇನೆ."