ನಾಲ್ಕು ಕಾಲಿನ ಜೇಡ

ನನಗೆ ಗೊತ್ತಿಲ್ಲದ ಜೇಡ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಹುಟ್ಟಬೇಕೆಂದಿರುವವೂ ಮೊದಲು ನನ್ನ ಬಳಿ ಬಂದು, ಯಾವ ಬಣ್ಣ, ಎಷ್ಟು ಗಾತ್ರ ಎಂದು ಕೇಳಿಕೊಂಡೇ ಹುಟ್ಟುತ್ತವೆ. ಅಂಥವನ ಮುಂದೆ ನಮ್ಮ ಅತ್ತಿಗೆ ಉದ್ದ ಕೋಲಿನ ಪೊರಕೆ ಎತ್ತಿ ಹಿಡಿದು, "ಇದರ ಹೆಸರೇನು, ಕಚ್ಚುತ್ತಾ ಇಲ್ವಾ, ಹೇಳು. ಗೊತ್ತಿದ್ರೆ ಬಿಡ್ತೀನಿ, ಇಲ್ದಿದ್ರೆ ಗುಡಿಸಿ ಹಾಕ್ತೀನಿ" ಎಂದರು.

ಹಿತ್ತಲಲ್ಲಿ ಬಟ್ಟೆ ಒಣಹಾಕುವ ಕಂಬದಿಂದ ದಾಸವಾಳದ ಗಿಡದವರೆಗೆ ಬಲೆ ಹರಡಿತ್ತು. ಸಣ್ಣಪುಟ್ಟ ಬಲೆಯಲ್ಲ, ಹಿಂದಿನ ದಿನ ಅದರಲ್ಲಿ ಒಂದು ಕಾಗೆ ಸಿಕ್ಕಿಬಿದ್ದು, ನನ್ನ ಶಿಫಾರಸಿನ ಮೇಲೆ ಬಿಡುಗಡೆಯಾಗಿತ್ತು. ನಡುವೆ ಹಳದಿ ಪಟ್ಟೆಯ ದೊಡ್ಡ ಜೇಡ ತಲೆಕೆಳಗಾಗಿ ಕೂತಿತ್ತು. ಅದರ ಸುತ್ತ ಬಿಳಿ ನೂಲಿನ ಅಂಕುಡೊಂಕು ಹೊಲಿಗೆ. ಅಣ್ಣನ ಮನೆಗೆ ಬಂದಾಗಿನಿಂದ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ನಿಲ್ಲುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಅದು ಉಳಿಯಲೇಬೇಕಿತ್ತು.

"ಮೊದಲು ಪೊರಕೆ ಇಳಿಸಿ ಅತ್ತಿಗೆ. ಇದು ನಾಲ್ಕು ಕಾಲಿನ ರಾಜಜೇಡ. ಲೋಕದಲ್ಲಿ ಇರೋದೇ ಎರಡು. ಇನ್ನೊಂದಕ್ಕೆ ಹುಷಾರಿಲ್ಲ."

"ಜೇಡಕ್ಕೆ ಎಂಟು ಕಾಲು ಕಣಯ್ಯ."

"ಅದು ಸಾಮಾನ್ಯ ಜೇಡಕ್ಕೆ. ಬೇಕಾದ್ರೆ ನೀವೇ ಎಣಿಸಿ."

ಅತ್ತಿಗೆ ಬಗ್ಗಿ ಎಣಿಸಿದರು. ನಾಲ್ಕೇ. ನಾನು ಇಲ್ಲದ ಮೀಸೆ ತಿರುವಿಕೊಂಡೆ. ಅಷ್ಟರಲ್ಲಿ ಪೊರಕೆಯ ತುದಿ ಒಂದು ಎಳೆಗೆ ತಾಗಿತು. ಜೇಡ ಇಡೀ ಬಲೆಯನ್ನೇ ಉಯ್ಯಾಲೆಯಂತೆ ಜೀಕಿತು. ಜೀಕುವುದು ನಿಂತಾಗ ಒಂದೊಂದು ಕಾಲೂ ಎರಡೆರಡಾಗಿ ಬಿಡಿಸಿಕೊಂಡು, ಎಂಟೂ ಬೆಳಗಿನ ಬಿಸಿಲಿಗೆ ಚಾಚಿಕೊಂಡಿದ್ದವು.

"ನೋಡಿ, ನಿಮ್ಮ ಮೇಲಿನ ಗೌರವಕ್ಕೆ ಇನ್ನೂ ನಾಲ್ಕು ಹುಟ್ಟಿಸ್ಕೊಂಡಿದೆ" ಎಂದೆ.

"ಎರಡೆರಡು ಜೋಡಿಸ್ಕೊಂಡು ಕೂತಿತ್ತು ಅಷ್ಟೆ. ರೈಲು ಬಿಟ್ಟಿದ್ದು ಸಾಕು. ಹೆಸರು ಗೊತ್ತಾ, ಇಲ್ವಾ?" ಪೊರಕೆ ಮತ್ತೆ ಮೇಲೆದ್ದಿತು.

"ಗೊತ್ತಿಲ್ಲ ಅತ್ತಿಗೆ. ಇಷ್ಟು ದಿನ ಅದರ ಮೂಗಿನ ಹತ್ರಾನೇ ನಿಂತಿದ್ದೀನಿ, ನನ್ನನ್ನಂತೂ ಕಚ್ಚಿಲ್ಲ. ನಾನೇ ಒಂದು ಹೆಸರಿಟ್ಕೊಂಡಿದ್ದೀನಿ."

"ಏನಂತ?"

"ಅತ್ತಿಗೆ ಅಂತ."

ಪೊರಕೆ ಗಾಳಿಯಲ್ಲೇ ನಿಂತಿತು.

"ನಡುವೆ ಸುಮ್ನೆ ಕೂತಿರುತ್ತೆ. ಆದ್ರೆ ಯಾವ ಮೂಲೇಲಿ ಯಾವ ಎಳೆ ಅಲ್ಲಾಡಿದ್ರೂ ಅದಕ್ಕೆ ಗೊತ್ತಾಗಿಬಿಡುತ್ತೆ."

ಅತ್ತಿಗೆ ಪೊರಕೆಯನ್ನು ಗೋಡೆಗೆ ಒರಗಿಸಿ, ಒದ್ದೆ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು, ಸೆರಗು ತಾಗದಂತೆ ಬಗ್ಗಿ ಬಲೆಯ ಕೆಳಗಿಂದ ಆಚೆ ದಾಟಿದರು. ಅಲ್ಲಿಂದ ತಿರುಗಿ ಬಲೆಯ ಅಂಚಿಗೆ ಬೆರಳು ತೋರಿಸಿದರು. ಅಲ್ಲಿ ಕಾಳಿನಷ್ಟು ಚಿಕ್ಕ ಇನ್ನೊಂದು ಜೇಡ ಕಾಲು ಮುದುಡಿಕೊಂಡು ಕೂತಿತ್ತು.

"ಮತ್ತೆ ಇದ್ಯಾರು, ಹತ್ತಿರ ಬರೋಕೂ ಹೆದ್ರಿಕೊಂಡು ಕೂತಿರೋ ಬಡಪಾಯಿ?"

ಇನ್ನು ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

"ಅದು ಅಣ್ಣ" ಎಂದು ಒಪ್ಪಿಕೊಂಡೆ.