ಬೆನ್ನ ಹಿಂದೆ

ಊರಿಗೆ ಮುಖಂಡರನ್ನು ತಯಾರು ಮಾಡುವ ತರಬೇತಿ ಅಂತ ತಾಲ್ಲೂಕಿನ ಮೇಷ್ಟ್ರು, ವಕೀಲರು, ಡಾಕ್ಟರುಗಳನ್ನೆಲ್ಲ ಒಂದೇ ಹಾಲ್‌ನಲ್ಲಿ ಕೂಡಿಹಾಕಿದ್ದರು.

"ಕಣ್ಣು ಮುಚ್ಚಿ ಹಿಂದಕ್ಕೆ ಬೀಳಿ. ಜೊತೆಗಾರರು ಹಿಡೀತಾರೆ. ಜನರನ್ನ ನಂಬದವನು ಮುಖಂಡ ಆಗಲ್ಲ," ಎಂದ ತರಬೇತುದಾರ.

ನನಗೆ ಜೊತೆಯಾದವರು ದನದ ಡಾಕ್ಟರು. ಹೋದ ವರ್ಷ ಗ್ರಾಮಸಭೆಯಲ್ಲಿ ನನ್ನ ಮಾತಿಗೆ ನಕ್ಕರು ಅನ್ನುವ ಸಿಟ್ಟಿಗೆ, ಲಂಚ ತಿನ್ನುತ್ತಾರೆ ಅಂತ ಅವರ ಮೇಲೆ ಸುಳ್ಳು ಮೂಗರ್ಜಿ ಬರೆದವನು ನಾನೇ. ಪಾಪ, ಆರು ತಿಂಗಳು ಸಸ್ಪೆಂಡ್ ಆಗಿದ್ದರು. ಅವತ್ತಿನಿಂದ ಆ ಮನುಷ್ಯನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

"ಏನ್ ಮೇಷ್ಟ್ರೇ, ಹಿಂಜರೀತಿದ್ದೀರಿ? ಎತ್ತನ್ನೇ ಹಿಡಿದು ಕೆಡವೋನು ನಾನು. ನೀವೇನು ಮಹಾ ಭಾರ, ಬೀಳಿ," ಎಂದರು.

ಬಿದ್ದೆ. ನೆಲ ಇನ್ನೇನು ಗೇಣು ದೂರ ಅನ್ನುವಾಗ ಎರಡು ಕೈ ನನ್ನನ್ನು ಗಟ್ಟಿಯಾಗಿ ಹಿಡಿದವು.

ಹಿಡಿದುಕೊಂಡೇ ಅವರು ನನ್ನ ಕಿವಿಯ ಹತ್ತಿರ ಬಗ್ಗಿದರು. "ನನ್ನ ಮಗಳಿಗೆ ಅಕ್ಷರ ತಿದ್ದಿಸಿದವರು ನೀವು. ಆ ಮೂಗರ್ಜಿ ಯಾರ ಕೈಬರಹ ಅಂತ ನೋಡಿದ ದಿನವೇ ಗೊತ್ತಾಯ್ತು."

ನಾನು ಎದ್ದು ಅವರ ಕಡೆ ತಿರುಗಿದೆ. "ಡಾಕ್ಟ್ರೇ, ನಾನು..."

"ಈಗ ನನ್ನ ಸರದಿ," ಎಂದು ಅವರು ನನಗೆ ಬೆನ್ನು ಮಾಡಿ ನಿಂತು, ಕಣ್ಣು ಮುಚ್ಚಿ, ಹಿಂದಕ್ಕೆ ಬಿದ್ದರು.