ಎರಡನೇ ಬಾಯ್ಲರು

ತಣ್ಣಗಾದ ಬಾಯ್ಲರನ್ನು ಮತ್ತೆ ಹೊತ್ತಿಸಬೇಕಾದರೆ ನಾಲ್ಕು ಟ್ಯಾಂಕರ್ ಎಣ್ಣೆ, ಹನ್ನೊಂದು ಜನ, ಒಂದು ಇಡೀ ಹಗಲು ಬೇಕು. ಸಣ್ಣ ಉರಿಯಲ್ಲಿ ಇಟ್ಟುಕೊಂಡರೆ ದಿನಕ್ಕೆ ಹದಿನೈದು ವ್ಯಾಗನ್ ಕಲ್ಲಿದ್ದಲು ತಿನ್ನುತ್ತದೆ ನಿಜ, ಆದರೆ ಕರೆದ ಕೂಡಲೇ ಏಳುತ್ತದೆ. ಈ ಲೆಕ್ಕ ಹೇಳಿಯೇ ಬಾಯ್ಲರ್ ಮೇಸ್ತ್ರಿ ಎಂಟು ದಿನದಿಂದ ಎರಡನೇ ಬಾಯ್ಲರನ್ನು ಆರಲು ಬಿಟ್ಟಿರಲಿಲ್ಲ. ವಿದ್ಯುತ್ ಸ್ಥಾವರದ ಉಳಿದ ಮೂರು ಆಗಲೇ ಆರಿದ್ದವು.

ಸಂಜೆ ಆರೂಕಾಲಿಗೆ ಫೋನ್ ಬಂತು, ಊರಿಗೆ ಕರೆಂಟು ಹಂಚುವ ಕೇಂದ್ರದಿಂದ. ಮೂವತ್ತು ವರ್ಷ ಆ ಹೊತ್ತಿನ ಫೋನಿಗೆ ಒಂದೇ ಅರ್ಥವಿತ್ತು: ಉರಿ ಏರಿಸಿ. ರಿಸೀವರ್ ಎತ್ತುವ ಮೊದಲೇ ಮೇಸ್ತ್ರಿ ಜೊತೆಗಾರನಿಗೆ ಕೈಸನ್ನೆ ಮಾಡಿದ. ಕಲ್ಲಿದ್ದಲು ಪುಡಿ ಮಾಡುವ ಗಿರಣಿ ಗುಡುಗತೊಡಗಿತು.

"ಎಷ್ಟು ಬೇಕು, ಹೇಳಿ!"

"ಎರಡನೇ ಯೂನಿಟ್ ಆರಿಸಿ. ಪೂರ್ತಿ."

ಮಗಳ ದನಿ. ಅಲ್ಲಿ ಅವಳಿಗೆ ಕೆಲಸ ಸಿಕ್ಕಿ ಎರಡು ವರ್ಷ. ಮಾತೆಲ್ಲ ರೆಕಾರ್ಡ್ ಆಗುವ ಲೈನು. ಅಪ್ಪ ಮಗಳು ಅನ್ನುವಂತಿಲ್ಲ.

"ಸಂಜೆ ಹೊತ್ತಲ್ಲಿ ಆರಿಸೋದಾ?"

"ಹಗಲಿನ ಬಿಸಿಲನ್ನೆಲ್ಲ ಬ್ಯಾಟರಿಗೆ ತುಂಬ್ಕೊಂಡಿದೀವಿ. ಗಾಳಿನೂ ಚೆನ್ನಾಗಿದೆ. ಹೇಳಿದ್ದನ್ನ ವಾಪಸ್ ಹೇಳಿ, ಸಾರ್."

"ಎರಡನೇ ಯೂನಿಟ್... ಆರಿಸಿ."

"ಮಗಳ ಕೈಲಿ ಸಾರ್ ಅನ್ನಿಸ್ಕೊಂಡ್ರಲ್ಲ ಮೇಸ್ತ್ರಿ, ಇನ್ನೇನ್ ಬೇಕು!" ರಿಸೀವರಿನ ಹತ್ತಿರವೇ ಕಿವಿಯಿಟ್ಟಿದ್ದ ಜೊತೆಗಾರ ನಗಿಸಲು ನೋಡಿದ. "ಗಿರಣಿ ನಿಲ್ಸಲಾ?"

"ನಿಲ್ಸು ಮಾರಾಯ."

ರಿಸೀವರ್ ಕಿವಿಗೇ ಇತ್ತು. ಉರಿ ಕುಗ್ಗಿತು, ನೀಲಿಯಾಯಿತು, ಹೋಯಿತು. ಮೇಸ್ತ್ರಿಯ ಕಣ್ಣು ಗೋಡೆಯ ಮೇಲಿನ ಮೀಟರಿನಲ್ಲಿ ನೆಟ್ಟಿತ್ತು. ಊರಿಗೆ ಕರೆಂಟು ಸಾಲದಿದ್ದರೆ ಆ ಸೂಜಿ ಐವತ್ತರಿಂದ ಕೆಳಗೆ ಬೀಳಬೇಕು. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ.

ಹನ್ನೆರಡು ವರ್ಷದ ಹಿಂದೆ, ಇದೇ ಹೊತ್ತಿಗೆ, ಶಾಲೆಯ ಸಮವಸ್ತ್ರದಲ್ಲೇ ಈ ಮಗಳು ಗೇಟಿನ ತನಕ ಓಡಿ ಬಂದಿದ್ದಳು. ಅಮ್ಮನಿಗೆ ಉಸಿರು ಸಿಗ್ತಿಲ್ಲ, ಬಾ ಅಪ್ಪ. ಹೆಂಡತಿಗೆ ವರ್ಷಗಟ್ಟಲೆ ಕೆಮ್ಮು. ಒಗೆದು ಹರವಿದ ಬಟ್ಟೆಯ ಮೇಲೆ ಈ ಚಿಮಣಿಯ ಬೂದಿ ಕೂರುವ ಓಣಿ ಅವರದು. ಮೇಸ್ತ್ರಿ ಹೇಳಿ ಕಳಿಸಿದ್ದ: ಎರಡು ಗಂಟೆ ತಡಿ, ನಾನೀಗ ಎದ್ದರೆ ಊರೆಲ್ಲ ಕತ್ತಲಾಗುತ್ತೆ. ಎರಡು ಗಂಟೆ ಕಳೆದು ಮನೆಗೆ ಹೋದಾಗ ಬಾಗಿಲಲ್ಲಿ ಜನ ಸೇರಿದ್ದರು.

"ಒಂದ್ ಮಾತು ಕೇಳ್ಲಾ?" ಅಂದ ಫೋನಿಗೆ. "ಆವತ್ತು ನಾನು ಬಿಟ್ಟು ಬಂದಿದ್ರೂ ಹೀಗೇ ಇರ್ತಿತ್ತಾ? ಏನೂ ಆಗ್ತಿರಲಿಲ್ವಾ?"

ಯಾವತ್ತು ಎಂದು ಅವಳು ಕೇಳಲಿಲ್ಲ.

"ಆವತ್ತು ಊರಿಗೆ ಊರೇ ಕತ್ತಲಾಗ್ತಿತ್ತು ಅಪ್ಪ," ಅಂದಳು, ರೆಕಾರ್ಡ್ ಆಗುವ ಲೈನಿನಲ್ಲೇ. "ಆಗ ಹತ್ತು ದೀಪದಲ್ಲಿ ಎಂಟು ನಿಮ್ಮವೇ."

ಹಳೆಯ ದಾಖಲೆ ತೆಗೆದು ನೋಡುವಷ್ಟು ಹೊತ್ತನ್ನೂ ಅವಳು ತೆಗೆದುಕೊಂಡಿರಲಿಲ್ಲ. ಮೇಸ್ತ್ರಿಗೆ ಅದು ಗೊತ್ತಾಯಿತು. ಮೊದಲೇ ನೋಡಿಟ್ಟಿದ್ದಳೋ, ಸಮಾಧಾನಕ್ಕೆ ಹೇಳಿದಳೋ, ಮತ್ತೆ ಕೇಳಲು ಧೈರ್ಯವಾಗಲಿಲ್ಲ.

ಹೊರಗೆ ಬಂದು ಕತ್ತೆತ್ತಿದ. ಚಿಮಣಿಯ ಬಾಯಿಂದ ಕೊನೆಯ ಎಳೆ ಹೊಗೆ ಬಿಟ್ಟುಹೋಯಿತು. ಕೆಳಗೆ ಊರಿನ ದೀಪಗಳೆಲ್ಲ ಉರಿಯುತ್ತಿದ್ದವು, ಒಂದೂ ಕಡಿಮೆ ಇರಲಿಲ್ಲ. ಊರಿಗೆ ಅಂದು ಒಳ್ಳೆಯ ಗಾಳಿ ಸಿಕ್ಕಿತು. ಅದು ಬೇಕಾಗಿದ್ದವಳಿಗೆ ಮಾತ್ರ ಹನ್ನೆರಡು ವರ್ಷ ತಡವಾಗಿತ್ತು.